ಚಾರಣಕ್ಕೆ ಮುಂಚೆ ಬಿಷ್ಕೆಕ್‌ನಲ್ಲಿ ನಾಲ್ಕು ದಿನ ಬೇಕೇ?

ಪ್ರಶ್ನೆ: ನಮಸ್ಕಾರ ಸರ್. ಮೈಸೂರಿನಿಂದ ನಾವು ನಾಲ್ಕು ಜನ ಜುಲೈ ಮೂರನೇ ವಾರ ಕಿರ್ಗಿಸ್ತಾನಕ್ಕೆ ಹೊರಟಿದ್ದೇವೆ. ಕರಕೋಲ್‌ನಿಂದ ಅಲಾ-ಕುಲ್ ಸರೋವರ ಹತ್ತಿ ಅಲ್ಟಿನ್ ಅರಶಾನ್‌ಗೆ ಇಳಿಯುವ ಚಾರಣ. ಏಜೆನ್ಸಿ ಇಲ್ಲ, ಟೆಂಟು ಹೊತ್ತುಕೊಂಡು ನಾವೇ ಹೋಗುತ್ತೇವೆ. ಹವಾಮಾನಕ್ಕೆ ಮೈ ಒಗ್ಗಲಿ ಎಂದು ಬಿಷ್ಕೆಕ್‌ನಲ್ಲಿ ನಾಲ್ಕು ದಿನ ಇಟ್ಟುಕೊಂಡು, ಐದನೇ ದಿನ ಕರಕೋಲ್‌ಗೆ ಹೊರಡುವುದು ಎಂದುಕೊಂಡಿದ್ದೇವೆ. ಇದು ಹೆಚ್ಚಾಯಿತೇ? ಆ ದಿನಗಳಲ್ಲಿ ಏನು ಮಾಡಬಹುದು? ಇಬ್ಬರು ಸಸ್ಯಾಹಾರಿಗಳು. ಕೇದಾರಕಂಠದಲ್ಲಿ ನನ್ನ ತಂಗಿಗೆ ವಿಪರೀತ ತಲೆನೋವು ಬಂದಿತ್ತು, ಅದೊಂದು ಚಿಂತೆ. ಅಲ್ಲಿ ಭಾರತೀಯರ ಮೇಲೆ ಗಲಾಟೆ ಆಗಿತ್ತು ಎಂದು ಮನೆಯವರು ಹೆದರುತ್ತಿದ್ದಾರೆ.

ಉತ್ತರ: ಹೆಚ್ಚಾಯಿತು. ಅದಕ್ಕಿಂತ ಮುಖ್ಯವಾಗಿ, ನೀವು ಅಂದುಕೊಂಡ ಕೆಲಸ ಆ ನಾಲ್ಕು ದಿನದಲ್ಲಿ ಆಗುವುದಿಲ್ಲ. ಬಿಷ್ಕೆಕ್ ಇರುವುದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ. ನಿಮ್ಮ ಮೈಸೂರು ಹತ್ತಿರ ಹತ್ತಿರ ಅಷ್ಟೇ ಇದೆ, ಬೆಂಗಳೂರು ಅದಕ್ಕಿಂತ ಮೇಲಿದೆ. ನಗರದ ದಕ್ಷಿಣಕ್ಕೆ ಹಿಮ ಹೊದ್ದ ಕಿರ್ಗಿಜ್ ಅಲಾ-ತೋ ಸಾಲು ಗೋಡೆಯ ಹಾಗೆ ನಿಂತಿರುವುದರಿಂದ ಎತ್ತರಕ್ಕೆ ಬಂದುಬಿಟ್ಟೆವು ಅನ್ನಿಸುತ್ತದೆ, ಅಷ್ಟೇ. ಆ ಬೆಟ್ಟ ನೋಡುತ್ತಾ ಕೆಫೆಯಲ್ಲಿ ಒಂದು ವಾರ ಕೂತರೂ ರಕ್ತಕ್ಕೆ ಏನೂ ಗೊತ್ತಾಗುವುದಿಲ್ಲ. ಹೊತ್ತಿನ ವ್ಯತ್ಯಾಸಕ್ಕೆ ಒಗ್ಗಬೇಕು ಎನ್ನಲೂ ಆಗದು: ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಬರೀ ಅರ್ಧ ಗಂಟೆ ಮುಂದೆ. ಜುಲೈನಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು, ಹಾಗಾಗಿ ಚಳಿಗೆ ಮೈ ಒಗ್ಗುವ ಮಾತೂ ಇಲ್ಲ.

ಆದ್ದರಿಂದ ನಾನು ಹೇಳುವ ಲೆಕ್ಕ ಹೀಗಿದೆ. ಇಳಿದ ದಿನ ಊರಿನ ಕೆಲಸ. ಎರಡು, ಮೂರನೇ ದಿನ ಅಲಾ-ಅರ್ಚಾ ಕಣಿವೆಯಲ್ಲಿ. ನಾಲ್ಕನೇ ದಿನ ಕರಕೋಲ್ ಪ್ರಯಾಣ. ಉಳಿಯುವ ಒಂದು ದಿನವನ್ನು ಚಾರಣದ ಆಚೆ ಬದಿಗೆ ಹಾಕಿ, ಯಾಕೆಂದು ಕೊನೆಗೆ ಹೇಳುತ್ತೇನೆ.

ಮೊದಲು ನಿಮ್ಮ ತಂಗಿಯವರ ವಿಷಯ, ಏಕೆಂದರೆ ಯೋಜನೆ ಕಟ್ಟಬೇಕಿರುವುದು ಅವರ ಸುತ್ತ. ನಿಮ್ಮ ದಾರಿಯ ಎತ್ತರಗಳನ್ನೇ ನೋಡಿ. ಕರಕೋಲ್ ಪಟ್ಟಣ ಸುಮಾರು 1,770 ಮೀಟರ್. ಮೊದಲ ರಾತ್ರಿ ಎಲ್ಲರೂ ಬಿಡಾರ ಹೂಡುವ ಸಿರೋತಾ ಕ್ಯಾಂಪ್ ಹತ್ತಿರ ಹತ್ತಿರ 2,900. ಸರೋವರ 3,530, ಅದರ ಮೇಲಿನ ಪಾಸ್, ಅಂದರೆ ಬೆಟ್ಟಸಾಲು ದಾಟುವ ಜಾಗ, ಸುಮಾರು 3,900. ಆಮೇಲೆ ಒಂದೇ ಸಮ ಇಳಿಜಾರು, ಅಲ್ಟಿನ್ ಅರಶಾನ್ ಬಿಸಿನೀರಿನ ಬುಗ್ಗೆಗಳು 2,500ರಲ್ಲಿ. ಮೈಸೂರಿನ ಎತ್ತರದಿಂದ ನೇರ ಬಂದು ಎರಡು ದಿನದಲ್ಲಿ ಇದನ್ನು ಹತ್ತಿದರೆ ತಲೆ ಸಿಡಿಯುವುದು ಆಶ್ಚರ್ಯವಲ್ಲ. 3,300 ಮೀಟರ್‌ನಲ್ಲೇ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗ ಕಡಿಮೆ. ಒಂದೊಂದು ಉಸಿರಿನಲ್ಲೂ ಅಷ್ಟು ಆಮ್ಲಜನಕ ಖೋತಾ. ಒಂದು ಸಲ ತಲೆನೋವು ಕಂಡವರಿಗೆ ಅದೇ ರೀತಿ ಹತ್ತಿದರೆ ಮತ್ತೆ ಕಾಣಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ದೇಹದಾರ್ಢ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ದಿನಾ ಚಾಮುಂಡಿ ಬೆಟ್ಟದ ಮೆಟ್ಟಿಲು ಓಡಿ ಹತ್ತುವವರೂ ಬೀಳುತ್ತಾರೆ.

ಅಲಾ-ಅರ್ಚಾ ರಾಷ್ಟ್ರೀಯ ಉದ್ಯಾನ ಉಪಯೋಗಕ್ಕೆ ಬರುವುದು ಇಲ್ಲಿ. ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್, 1976ರಲ್ಲಿ ಉದ್ಯಾನವಾಯಿತು. ಓಶ್ ಬಜಾರ್ ಕಡೆಯಿಂದ 265ನೇ ಸಂಖ್ಯೆಯ ಮಾರ್ಷ್ರೂಟ್ಕಾ, ಅಂದರೆ ಅಲ್ಲಿಯ ಮಿನಿಬಸ್ಸು, ಆ ಕಡೆ ಹೋಗುತ್ತದೆ. ಆದರೆ ಅದು ಬಿಡುವುದು ದ್ವಾರದ ಹತ್ತಿರ. ಅಲ್ಲಿಂದ ದಾರಿ ಮುಗಿಯುವ ಆಲ್ಪ್‌ಲಾಗೆರ್ ಎಂಬ ಪರ್ವತಾರೋಹಿಗಳ ಬಿಡಾರಕ್ಕೆ ಇನ್ನೂ 12 ಕಿಲೋಮೀಟರ್ ಇದೆ. ಇದು ಗೊತ್ತಿಲ್ಲದೆ ಹೋದವರು ಚೀಲ ಹೊತ್ತು ಡಾಂಬರು ರಸ್ತೆ ತುಳಿದು, ಹತ್ತುವ ಹೊತ್ತಿಗೆ ಸುಸ್ತಾಗಿರುತ್ತಾರೆ. ನಾಲ್ಕು ಜನ ಇದ್ದೀರಿ, ಟ್ಯಾಕ್ಸಿ ಮಾಡಿಕೊಳ್ಳಿ. ಯಾಂಡೆಕ್ಸ್ ಆ್ಯಪ್‌ನಲ್ಲಿ ಹೋಗುವ ಗಾಡಿ ಸಿಗುತ್ತದೆ, ಬರುವಾಗ ಕಣಿವೆಯಲ್ಲಿ ಸಿಗ್ನಲ್ ನೆಚ್ಚಬೇಡಿ. ಬರುವ ಹೊತ್ತನ್ನೂ ಅದೇ ಡ್ರೈವರ್ ಹತ್ತಿರ ಮೊದಲೇ ಮಾತಾಡಿಕೊಂಡುಬಿಡಿ.

ಸಾಮಾನ್ಯವಾಗಿ ಎಲ್ಲರೂ ಕೊಡುವ ಸಲಹೆ: ಮೊದಲ ದಿನವೇ ಕಣಿವೆಯ ಮೇಲಿನ ತಂಗುಮನೆ ರಾತ್ಸೆಕ್ ಹಟ್‌ಗೆ ಹತ್ತಿ ರಾತ್ರಿ ಅಲ್ಲೇ ಮಲಗಿ. ನಿಮಗೆ ನಾನು ಆ ಸಲಹೆ ಕೊಡುವುದಿಲ್ಲ. ಹಟ್ ಇರುವುದು ಸುಮಾರು 3,300 ಮೀಟರ್ ಮೇಲೆ. ಬೆಳಿಗ್ಗೆ 800ರಲ್ಲಿ ತಿಂಡಿ ತಿಂದು ರಾತ್ರಿ 3,300ರಲ್ಲಿ ಮಲಗುವುದೆಂದರೆ ಯಾವ ಕಾಯಿಲೆ ತಪ್ಪಿಸಬೇಕೆಂದಿದ್ದೇವೋ ಅದನ್ನೇ ಕರೆದು ಕೂರಿಸಿದ ಹಾಗೆ. ಕೆಳಗಿನಿಂದ ಬಂದವರು ಮೊದಲ ರಾತ್ರಿ 2,750 ಮೀಟರ್‌ಗಿಂತ ಮೇಲೆ ಮಲಗದಿರುವುದು ಒಳ್ಳೆಯದು ಎಂಬುದು ಪರ್ವತ ವೈದ್ಯಕೀಯದ ಸಾಮಾನ್ಯ ನಿಯಮ. 3,000 ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ಇನ್ನೊಂದು. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಎಂಬುದು ಆಮೇಲಿನ ಮಾತು.

ಹಾಗಾಗಿ ಎರಡನೇ ದಿನ ಮಧ್ಯಾಹ್ನ ಆಲ್ಪ್‌ಲಾಗೆರ್‌ಗೆ ಹೋಗಿ, ಅಲ್ಲೇ 2,150ರ ಆಸುಪಾಸಿನಲ್ಲಿ ಮಲಗಿ. ಕೊಠಡಿಗಳಿವೆ, ಟೆಂಟೂ ಹಾಕಬಹುದು. ಚಾರಣಕ್ಕೆ ತಂದ ಟೆಂಟನ್ನು ಒಮ್ಮೆ ಕಟ್ಟಿ ಬಿಚ್ಚಿ ನೋಡಿದ ಹಾಗೂ ಆಯಿತು. ಗೂಟ ಕಡಿಮೆ ಇದ್ದರೆ ಗೊತ್ತಾಗಬೇಕಿರುವುದು ಇಲ್ಲಿ, ಸಿರೋತಾದ ಮಳೆಯಲ್ಲಿ ಅಲ್ಲ. ಸಂಜೆ ‘ಒಡೆದ ಹೃದಯ’ ಎಂದು ಕರೆಯುವ ಬಂಡೆಯವರೆಗೆ ಅರ್ಧ–ಮುಕ್ಕಾಲು ಗಂಟೆ ಆರಾಮಾಗಿ ಹತ್ತಿ ಇಳಿಯಿರಿ. ಜುಲೈನಲ್ಲಿ ಎಂಟು ಗಂಟೆಯ ಮೇಲೂ ಬೆಳಕಿರುತ್ತದೆ.

ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಅಕ್-ಸಾಯ್ ಜಲಪಾತದ ದಾರಿ ಹಿಡಿಯಿರಿ. ಜಲಪಾತದವರೆಗೆ ದಾರಿ ಸಲೀಸು: ಜುನಿಪರ್ ಪೊದೆಗಳ ನಡುವೆ ಅಡ್ಡಹಾದಿ, ಪಕ್ಕದಲ್ಲಿ ಕಣಿವೆ ಆಳವಾಗುತ್ತಾ ಹೋಗುತ್ತದೆ. ಅದರಾಚೆ ಹಟ್‌ವರೆಗಿನ ಏರು ಬೇರೆ ಜಾತಿಯದು. ಕಡಿದಾದ ಜಲ್ಲಿ, ಸಡಿಲ ಕಲ್ಲು, ಎರಡು ಹೆಜ್ಜೆ ಮೇಲಿಟ್ಟರೆ ಒಂದು ಕೆಳಕ್ಕೆ ಜಾರುತ್ತದೆ. ಅಲಾ-ಕುಲ್ ಪಾಸ್‌ನಿಂದ ಅರಶಾನ್ ಕಡೆಗೆ ಇಳಿಯುವಾಗ ನಿಮಗೆ ಸಿಗುವುದು ಇಂಥದ್ದೇ ನೆಲ, ಅಲ್ಲಿ ಇನ್ನೂ ಕಡಿದು. ಹಾಗಾಗಿ ಕೋಲು ಊರಿ ಜಲ್ಲಿಯಲ್ಲಿ ಇಳಿಯುವುದು ಹೇಗೆ ಎಂದು ಇಲ್ಲೇ ಕಾಲಿಗೆ ಕಲಿಸಿಕೊಳ್ಳಿ: ಹಿಮ್ಮಡಿ ಮೊದಲು, ಮೊಣಕಾಲು ಸ್ವಲ್ಪ ಬಾಗಿಸಿ, ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರದ ಹಾಗೆ. ಕುಮಾರಪರ್ವತ, ಕುದುರೆಮುಖದಲ್ಲಿ ಈ ನೆಲ ಇಲ್ಲ, ನಮ್ಮವರು ಎಡವುವುದು ಇಲ್ಲೇ. ಹಟ್ ಮುಟ್ಟಲು ಆಲ್ಪ್‌ಲಾಗೆರ್‌ನಿಂದ ನಾಲ್ಕೈದು ಗಂಟೆ ಹಿಡಿಯಿರಿ. ಮೇಲೆ ಅಕ್-ಸಾಯ್ ಹಿಮನದಿ, ಎದುರಿಗೆ ಕೊರೋನಾ ಶಿಖರ. ಅಲ್ಲಿ ಒಂದೆರಡು ಗಂಟೆ ಕೂತು, ಏನಾದರೂ ತಿಂದು, ನಗರಕ್ಕೆ ಇಳಿದುಬಿಡಿ. ತಂಗಿಯವರಿಗೆ ಮೇಲೆ ತಲೆ ಭಾರವಾದರೆ ಕಾಯುವುದು ಬೇಡ, ತಿರುಗಿ. ಇಳಿಯುತ್ತಿದ್ದಂತೆ ಹೋದರೆ ಎತ್ತರದ ತಲೆನೋವೇ ಎಂದು ತಿಳಿಯಿತು. ಅಲಾ-ಕುಲ್‌ನಲ್ಲಿ ಸರೋವರದ ದಂಡೆಯಲ್ಲಿ ಮಲಗುವ ಆಸೆ ಬಿಟ್ಟು, ಸಿರೋತಾದಲ್ಲಿ ಎರಡು ರಾತ್ರಿ ಕಳೆದು, ಮೂರನೇ ದಿನ ಪಾಸ್ ದಾಟಿ ಅವತ್ತೇ ಕೆಳಗಿಳಿಯುವ ತೀರ್ಮಾನ ಅಲ್ಲಿಗೇ ಆಗುತ್ತದೆ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬೇಕೇ ಎಂಬುದನ್ನು ಮೈಸೂರಿನಲ್ಲೇ ಅವರ ವೈದ್ಯರ ಹತ್ತಿರ ಕೇಳಿ. ತಡೆಗಟ್ಟಲು ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುತ್ತಾರೆ, ಸಲ್ಫಾ ಔಷಧದ ಅಲರ್ಜಿ ಇದ್ದವರು ಮುಂಚೆಯೇ ಹೇಳಬೇಕು.

ಕಣಿವೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಸುತ್ತು ಹಾಕಿದರೆ ಚೋನ್-ತಾಶ್ ಹಳ್ಳಿಯ ಬಳಿ ಅತಾ-ಬೆಯಿತ್ ಸಿಗುತ್ತದೆ. ಬಿಷ್ಕೆಕ್‌ನಲ್ಲಿ ಏನು ನೋಡುವುದು ಎಂದು ಕೇಳಿದವರಿಗೆ ನಾನು ಮೊದಲು ಹೇಳುವುದು ಇದನ್ನೇ. 1938ರಲ್ಲಿ ಸ್ತಾಲಿನ್ ಕಾಲದ ರಹಸ್ಯ ಪೊಲೀಸರು ಕಿರ್ಗಿಜ್ ಬರಹಗಾರರು, ಮಂತ್ರಿಗಳು, ಓದಿದವರು ಎಲ್ಲರನ್ನೂ ಸೇರಿಸಿ ನೂರಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದು ಒಂದು ಇಟ್ಟಿಗೆ ಗೂಡಿನಲ್ಲಿ ಹಾಕಿ ಮುಚ್ಚಿದರು. ಆ ಜಾಗದ ಕಾವಲುಗಾರ ಸಾಯುವಾಗ ಮಗಳಿಗೆ ಗುಟ್ಟು ಹೇಳಿಹೋದ. ಆಕೆ ಅದನ್ನು ದಶಕಗಳ ಕಾಲ ಎದೆಯಲ್ಲಿಟ್ಟುಕೊಂಡು, ಸೋವಿಯತ್ ಆಡಳಿತ ಕುಸಿಯುವ ಹೊತ್ತಿಗೆ ಬಾಯಿ ಬಿಟ್ಟಳು. 1991ರಲ್ಲಿ ಅಗೆದಾಗ ಸಿಕ್ಕವರಲ್ಲಿ ಲೇಖಕ ಚಿಂಗಿಜ್ ಐತ್ಮಾತೊವ್ ಅವರ ತಂದೆ ತೋರೆಕುಲ್ ಕೂಡ ಒಬ್ಬರು. ತಂದೆಯನ್ನು ಕರೆದೊಯ್ದಾಗ ಮಗನಿಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. 2008ರಲ್ಲಿ ತೀರಿಕೊಂಡಾಗ ಅವರನ್ನೂ ಅಲ್ಲೇ ಮಣ್ಣು ಮಾಡಿದರು. ಒಂದು ಗಂಟೆ ಸಾಕು, ಆದರೆ ಆ ಗಂಟೆ ಬಿಡಬೇಡಿ.

ನಗರದೊಳಗಿನ ನೋಟಗಳಿಗೆ ಒಂದು ಸಂಜೆ ಧಾರಾಳ. ಅಲಾ-ತೋ ಚೌಕ, ಅಲ್ಲಿಯ ಕಿರ್ಗಿಜ್ ಮಹಾಕಾವ್ಯದ ವೀರ ಮಾನಸ್‌ನ ಪ್ರತಿಮೆ, ಹಿಂದಿನ ಇತಿಹಾಸ ವಸ್ತುಸಂಗ್ರಹಾಲಯ. ಮೊದಲು ಚೌಕದ ನಡುವೆ ನಿಂತಿದ್ದ ಲೆನಿನ್ ಈಗ ಆ ಕಟ್ಟಡದ ಬೆನ್ನಿಗಿದ್ದಾನೆ. ಒಡೆಯದೆ ಹಿಂದಕ್ಕೆ ಸರಿಸಿದ್ದು ಈ ಊರಿನ ಸ್ವಭಾವಕ್ಕೆ ಸರಿಯಾಗಿದೆ. 1926ರಿಂದ 1991ರವರೆಗೆ ಊರಿನ ಹೆಸರು ಫ್ರುಂಜೆ, ಇಲ್ಲೇ ಹುಟ್ಟಿದ ಕೆಂಪು ಸೇನೆಯ ಸೇನಾನಿಯದು. ಬೀದಿಗಳೆಲ್ಲ ಚೌಕಟ್ಟು ಹಾಕಿದಂತಿವೆ, ಬೆಟ್ಟ ಯಾವಾಗಲೂ ದಕ್ಷಿಣಕ್ಕೆ. ದಾರಿ ತಪ್ಪುವುದೇ ಕಷ್ಟ. ಎರ್ಕಿಂದಿಕ್ ಬೀದಿಯ ಮರಗಳ ಕೆಳಗೆ ನಡೆದರೆ ಪಕ್ಕದ ಕಾಲುವೆಯಲ್ಲಿ ನೀರು ಹರಿಯುವ ಸದ್ದು ಕೇಳುತ್ತದೆ. ರಾತ್ರಿ ಆ ಕಾಲುವೆಗೆ ಕಾಲಿಟ್ಟು ಪಾದ ಉಳುಕಿಸಿಕೊಂಡು ಚಾರಣ ಕಳೆದುಕೊಂಡವರಿದ್ದಾರೆ, ಟಾರ್ಚ್ ಇರಲಿ.

ಊರಿನ ಕೆಲಸ ಎಂದೆನಲ್ಲ, ಅದರಲ್ಲಿ ಮೊದಲನೆಯದು ಅಡುಗೆ ಒಲೆಯ ಗ್ಯಾಸ್. ವಿಮಾನದಲ್ಲಿ ಕ್ಯಾನಿಸ್ಟರ್ ಒಯ್ಯುವ ಹಾಗಿಲ್ಲ. ತಿರುಪಿನ ಬಾಯಿಯ ಕ್ಯಾನಿಸ್ಟರ್‌ಗಳು ಬಿಷ್ಕೆಕ್‌ನ ಪರ್ವತಾರೋಹಣ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಕಿರ್ಗಿಸ್ತಾನದ ಟ್ರೆಕ್ಕಿಂಗ್ ಯೂನಿಯನ್ ಟೆಂಟು, ಮಲಗುವ ಚೀಲ ಬಾಡಿಗೆಗೆ ಕೊಡುತ್ತದೆ, ದಾರಿಯ ಸ್ಥಿತಿಯನ್ನೂ ಹೇಳುತ್ತಾರೆ. ಕರಕೋಲ್‌ನಲ್ಲೂ ಎರಡೂ ಸಿಗುತ್ತವೆ, ಆದರೆ ಜುಲೈ ನೂಕುನುಗ್ಗಲಿನಲ್ಲಿ ಖಾಲಿಯಾದರೆ ಹಿಂದಕ್ಕೆ ಬರಲಾಗದು. ಬೂಟು ಮಾತ್ರ ಇಲ್ಲಿ ಕೊಳ್ಳುವ ಯೋಚನೆ ಬೇಡ. ಪಳಗಿದ ಬೂಟು ಮನೆಯಿಂದಲೇ ಬರಬೇಕು. ದುಡ್ಡಿಗೆ ಮಡಿಕೆ ಬೀಳದ, ಹೊಸ ಡಾಲರ್ ನೋಟು ಒಯ್ಯಿರಿ; ಮಾಸಿದ, ಹರಿದ ನೋಟಿಗೆ ಮುಖ ತಿರುಗಿಸುತ್ತಾರೆ. ಅಲ್ಲಿಯ ಹಣವಾದ ಸೋಮ್ ಬೆಲೆ ಈಚೆಗೆ ನಮ್ಮ ರೂಪಾಯಿಯ ಆಸುಪಾಸಿನಲ್ಲೇ ಇರುವುದರಿಂದ ಚೌಕಾಶಿಗೆ ಲೆಕ್ಕ ಸುಲಭ. ಕರಕೋಲ್ ಆಚೆ ಕಾರ್ಡು ನಡೆಯುವುದಿಲ್ಲ. ನಕ್ಷೆಗೆ 2ಗಿಸ್ ಆ್ಯಪ್ ಇಳಿಸಿಕೊಳ್ಳಿ, ಇಂಟರ್ನೆಟ್ ಇಲ್ಲದೆಯೂ ಬೀದಿ ಬಸ್ಸು ತೋರಿಸುತ್ತದೆ.

ಊಟದ ವಿಷಯ ನಿಜವಾಗಿ ತೊಡಕಿನದು. ಲಗ್ಮಾನ್, ಮಂತಿ, ಸಂಸಾ, ಶೋರ್ಪೋ, ಪ್ಲೋವ್ — ಹೆಸರು ಹೇಳಿದ್ದೆಲ್ಲ ಕುರಿ, ದನ, ಕೆಲವೆಡೆ ಕುದುರೆ. ‘ಬೆಜ್ ಮ್ಯಾಸಾ’ ಎಂದು ರಷ್ಯನ್‌ನಲ್ಲಿ ಮಾಂಸ ಬೇಡ ಎಂದರೆ ತುಂಡು ತೆಗೆದಿಟ್ಟು ಅದೇ ಸಾರು ಬಡಿಸಬಹುದು. ಸಾರು ಯಾವುದರದು ಎಂದು ಬೇರೆಯೇ ಕೇಳಿ. ಕುಂಬಳಕಾಯಿಯ ಸಂಸಾ ಮತ್ತು ಮಂತಿ ಸಿಗುತ್ತವೆ. ಕೆಲವರು ಅದಕ್ಕೂ ಕೊಬ್ಬು ಹಾಕುತ್ತಾರೆ. ನೆಚ್ಚಬಹುದಾದದ್ದು: ತಂದೂರಿನಿಂದ ಆಗಷ್ಟೇ ತೆಗೆದ ನಾನ್, ಟೊಮೆಟೊ ಸೌತೆಕಾಯಿ, ಕೊರಿಯನ್ ಶೈಲಿಯ ಕ್ಯಾರೆಟ್ ಸಲಾಡ್, ಗ್ರೆಚ್ಕಾ ಎಂಬ ಬೇಯಿಸಿದ ಹುರುಳಿಗೋಧಿ (ಬಕ್‌ವೀಟ್), ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಬಿಷ್ಕೆಕ್‌ನಲ್ಲಿ ಸಾವಿರಾರು ಭಾರತೀಯ ವೈದ್ಯಕೀಯ ವಿದ್ಯಾರ್ಥಿಗಳಿದ್ದಾರೆ, ಕರ್ನಾಟಕದವರೂ ಇದ್ದಾರೆ. ಅವರ ದೆಸೆಯಿಂದ ದಾಲ್ ರೋಟಿಯ ಹೋಟೆಲುಗಳೂ ನಡೆಯುತ್ತಿವೆ. ಹೊರಡುವ ಹಿಂದಿನ ರಾತ್ರಿ ಅಲ್ಲೇ ಉಣ್ಣುವುದು ಕ್ಷೇಮ.

ಚಾರಣದ ಅಡುಗೆಗೆ ಅಕ್ಕಿ ಬೇಳೆ ಹೊರಬೇಡಿ. 3,500 ಮೀಟರ್‌ನಲ್ಲಿ ನೀರು ಕುದಿಯುವುದೇ 88 ಡಿಗ್ರಿ ಸುಮಾರಿಗೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವ ಹೊತ್ತಿಗೆ ಗ್ಯಾಸ್ ಮುಗಿದಿರುತ್ತದೆ. ಮನೆಯಿಂದ ಗೊಜ್ಜವಲಕ್ಕಿ ಪುಡಿ ಮಾಡಿಸಿ ತನ್ನಿ, ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ಚಟ್ನಿಪುಡಿ. ಬಿಸಿನೀರು ಸುರಿದು ಮುಚ್ಚಿಟ್ಟರೆ ಸಾಕು. ಓಶ್ ಬಜಾರ್‌ನಲ್ಲಿ ಬಾತ್ಕೆನ್ ಕಡೆಯ ಒಣ ಏಪ್ರಿಕಾಟ್, ಅಕ್ರೋಟು, ಒಣದ್ರಾಕ್ಷಿ ತುಂಬಿಸಿಕೊಳ್ಳಿ. ಅಲ್ಲಿ ರಾಶಿ ಹಾಕಿರುವ ಬಿಳಿ ಗೋಲಿಗಳು ಕುರುತ್, ಉಪ್ಪು ಹಾಕಿ ಒಣಗಿಸಿದ ಮೊಸರು. ಒಂದನ್ನು ದವಡೆಗೆ ಇಟ್ಟುಕೊಂಡರೆ ಅರ್ಧ ಗಂಟೆ ಏರು ಕಳೆಯುತ್ತದೆ, ಬೆವರಿನಲ್ಲಿ ಹೋದ ಉಪ್ಪೂ ಬರುತ್ತದೆ. ಕುಮಿಸ್, ಅಂದರೆ ಕುದುರೆ ಹಾಲಿನ ಹುಳಿ ಪಾನೀಯ, ಕುಡಿಯಲೇಬೇಕು ಎನ್ನುವವರು ಚಾರಣ ಮುಗಿದ ಮೇಲೆ ಕುಡಿಯಲಿ. ಏರಿನ ಮೊದಲ ದಿನ ಹೊಟ್ಟೆ ಕೈಕೊಟ್ಟರೆ ನೀರು ಕಳೆದುಕೊಂಡ ಮೈಗೆ ಎತ್ತರ ಇನ್ನಷ್ಟು ಕಾಡುತ್ತದೆ.

ಗಲಾಟೆಯ ಮಾತು. 2024ರ ಮೇ 17, 18ರ ರಾತ್ರಿ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ನುಗ್ಗಿದ್ದು ನಿಜ. ಅದಕ್ಕೆ ಕೆಲದಿನ ಮುಂಚೆ ಸ್ಥಳೀಯರಿಗೂ ಈಜಿಪ್ಟಿನವರಿಗೂ ಆದ ಹೊಡೆದಾಟದ ವಿಡಿಯೊ ಹರಡಿದ್ದೇ ಕಿಡಿ. ಪಾಕಿಸ್ತಾನಿ ವಿದ್ಯಾರ್ಥಿಗಳಿಗೆ ಹೆಚ್ಚು ಪೆಟ್ಟು ಬಿತ್ತು. ಭಾರತೀಯ ರಾಯಭಾರ ಕಚೇರಿ ನಮ್ಮವರಿಗೆ ಒಳಗೇ ಇರಿ ಎಂದಿತು. ಚಾರಣಿಗರು ದೇಶ ಬಿಟ್ಟು ದೂರವಿರಬೇಕು ಎಂಬ ಮಟ್ಟದ ಭಯಕ್ಕೆ ಅದು ಕಾರಣ ಎಂದು ನನಗನ್ನಿಸುವುದಿಲ್ಲ. ಆದರೂ ತಡರಾತ್ರಿ ಬಾರ್, ಕ್ಲಬ್ಬುಗಳ ಬೀದಿ ಬೇಡ, ಹನ್ನೊಂದರ ಮೇಲೆ ಕಾಲ್ನಡಿಗೆ ಬೇಡ, ರಾಯಭಾರ ಕಚೇರಿಯ ನಂಬರ್ ಮನೆಯವರ ಕೈಯಲ್ಲೂ ಇರಲಿ. ಬಜಾರ್ ಸುತ್ತ ಮಫ್ತಿಯಲ್ಲಿ ಪೊಲೀಸ್ ಎಂದು ಹೇಳಿಕೊಂಡು ಪರ್ಸು ತೋರಿಸಿ ಎನ್ನುವವರು ಬಂದರೆ ಪರ್ಸು ಕೊಡಬೇಡಿ. ಠಾಣೆಗೆ ಬರುತ್ತೇವೆ ನಡೆಯಿರಿ ಎನ್ನಿ, ಹೆಚ್ಚಿನವರು ಅಲ್ಲಿಗೇ ಕರಗುತ್ತಾರೆ.

ಇನ್ನೊಂದು. ಅಲ್ಮಾಟಿ ನಾಲ್ಕೈದು ಗಂಟೆಯ ದಾರಿ, ಭಾರತೀಯರಿಗೆ ಕಜಕಸ್ತಾನದಲ್ಲಿ 14 ದಿನ ವೀಸಾ ಬೇಕಿಲ್ಲ, ಒಂದು ದಿನ ನೋಡಿ ಬರೋಣ ಎಂದು ಯಾರಾದರೂ ಎಬ್ಬಿಸುತ್ತಾರೆ. ನಿಮ್ಮ ಕಿರ್ಗಿಜ್ ಇ-ವೀಸಾ ಒಂದೇ ಪ್ರವೇಶದ್ದಾದರೆ ಗಡಿ ದಾಟಿದ ಕೂಡಲೇ ಅದು ಮುಗಿಯಿತು, ಅಲಾ-ಕುಲ್ ಕೂಡ ಮುಗಿಯಿತು. ವೀಸಾದ ಮೇಲೆ ಏನು ಬರೆದಿದೆ ನೋಡಿಕೊಳ್ಳಿ. ಅಲಾ-ಕುಲ್ ದಾರಿಗೆ ಗಡಿವಲಯದ ಪರವಾನಗಿ ಬೇಡ. ಮುಂದೆಂದಾದರೂ ಲೆನಿನ್ ಶಿಖರದ ಬುಡಕ್ಕೋ ಇನಿಲ್ಚೆಕ್‌ಗೋ ಹೋಗುವುದಾದರೆ ಬೇಕು, ಅದನ್ನು ವಾರಗಳ ಮುಂಚೆ ಮಾಡಿಸಬೇಕು.

ನಾಲ್ಕನೇ ದಿನ ಬೆಳಿಗ್ಗೆ ಪಶ್ಚಿಮ ಬಸ್ ನಿಲ್ದಾಣದಿಂದ ಕರಕೋಲ್ ಮಾರ್ಷ್ರೂಟ್ಕಾ. ಸುಮಾರು 400 ಕಿಲೋಮೀಟರ್, ಆರೇಳು ಗಂಟೆ. ಹೊರಡುವ ಸಮಯ ಎಂಬುದಿಲ್ಲ, ಸೀಟು ತುಂಬಿದಾಗ ಹೊರಡುತ್ತದೆ. ನಾಲ್ಕು ಜನರ ಚೀಲಕ್ಕೆ ಜಾಗ ಬೇಕೆಂದರೆ ಬೇಗ ಹೋಗಿ. ಬೂಮ್ ಕಮರಿ ದಾಟಿದ ಮೇಲೆ ಇಸ್ಸಿಕ್-ಕುಲ್ ಸರೋವರ ಬಲಗಡೆ ಕಾಣಿಸಿಕೊಂಡು ಉದ್ದಕ್ಕೂ ಜೊತೆಗೆ ಬರುತ್ತದೆ, ಬಲಬದಿಯ ಕಿಟಕಿ ಹಿಡಿಯಿರಿ. ಅದರ ಮಟ್ಟವೇ 1,607 ಮೀಟರ್. ಕರಕೋಲ್‌ನ ಆ ರಾತ್ರಿ ಕೂಡ ನಿಮ್ಮ ತಂಗಿಯವರ ಲೆಕ್ಕಕ್ಕೆ ಜಮೆಯಾಗುತ್ತದೆ, ಬಿಷ್ಕೆಕ್‌ನ ರಾತ್ರಿಗಳು ಆಗುವುದಿಲ್ಲ.

ಉಳಿಸಿದ ದಿನ ಕೊನೆಗೆ ಬೇಕಿರುವುದು ಪಾಸ್‌ಗಾಗಿ. ಜುಲೈನಲ್ಲೂ ಮಧ್ಯಾಹ್ನ ಮೋಡ ಕಟ್ಟಿ ಆಲಿಕಲ್ಲು, ಕೆಲವೊಮ್ಮೆ ಹಿಮವೂ ಬೀಳುತ್ತದೆ. ಒಂದು ದಿನ ಸಿರೋತಾದಲ್ಲೇ ಕಾದು ಮಾರನೇ ಬೆಳಿಗ್ಗೆ ದಾಟುವ ಸ್ವಾತಂತ್ರ್ಯ ನಿಮಗಿರಬೇಕು. ವಿಮಾನ ತಪ್ಪುತ್ತದೆಂಬ ಗಡಿಬಿಡಿಯಲ್ಲಿ ಒದ್ದೆ ಜಲ್ಲಿಯಲ್ಲಿ ಇಳಿಯುವವರೇ ಕಾಲು ಮುರಿದುಕೊಳ್ಳುವುದು. ಹವೆ ಕೈಕೊಡದಿದ್ದರೆ ಆ ದಿನ ಬಿಷ್ಕೆಕ್‌ಗೆ ವಾಪಸಾಗಿ ಬುರಾನಾ ಗೋಪುರ ನೋಡಿ ಬನ್ನಿ. ಪೂರ್ವಕ್ಕೆ ಸುಮಾರು 80 ಕಿಲೋಮೀಟರ್, 11ನೇ ಶತಮಾನದ ಮಿನಾರು, ಭೂಕಂಪಕ್ಕೆ ತಲೆ ಕಳೆದುಕೊಂಡು ಈಗ 25 ಮೀಟರ್ ಉಳಿದಿದೆ. ಮಿಕ್ಕ ಗ್ಯಾಸ್ ಕ್ಯಾನಿಸ್ಟರ್‌ಗಳನ್ನು ಹಾಸ್ಟೆಲಿನ ಕಪಾಟಿನಲ್ಲಿ ಬಿಟ್ಟುಬನ್ನಿ, ಅವನ್ನು ಚೆಕ್-ಇನ್ ಚೀಲದಲ್ಲಿ ಮರೆತರೆ ಮಾನಸ್ ವಿಮಾನ ನಿಲ್ದಾಣದಲ್ಲಿ ಚೀಲ ಪೂರ್ತಿ ಬಿಚ್ಚಿಸುತ್ತಾರೆ.